ಹಾಡಿನ ಅಳತೆಯ ಕೆಂಪು

ಆತ್‌ಬಾಶಿಯಲ್ಲಿ ತೋತುಕಾನ್‌ಳ ಅಂಗಳದಲ್ಲಿ ಚಹಾ ಕಾಯಿಸುವ ಸಮೋವರಿನಿಂದ ಒಂದು ಕೆಂಡ ಸಿಡಿದು, ಬಿಸಿಲಿಗೆ ಹರವಿದ್ದ ಶಿರ್ದಾಕ್ ಎಂಬ ಉಣ್ಣೆಹಾಸಿನ ಮೇಲೆ ಬಿತ್ತು. ಯಾರೂ ನೋಡಲಿಲ್ಲ. ಉಣ್ಣೆ ಸುಟ್ಟ ವಾಸನೆ ಬಂದಾಗ ಪಕ್ಕದ ಮನೆಯವರು ಕುರಿತಲೆ ಸುಡುತ್ತಿದ್ದಾರೆಂದುಕೊಂಡು ಎಲ್ಲರೂ ಚಹಾ ಕುಡಿಯುತ್ತ ಕೂತರು. ಎದ್ದು ನೋಡುವ ಹೊತ್ತಿಗೆ ಅಂಗೈಯಗಲದ ತೂತು. ಅದೂ ಕೆಂಪಿನಲ್ಲಿ, ಟಗರಿನ ಕೊಂಬು ಸುರುಳಿ ಸುತ್ತುವ ಜಾಗದಲ್ಲೇ.

ಆ ಶಿರ್ದಾಕ್ ಇಪ್ಪತ್ತನಾಲ್ಕು ವರ್ಷ ಮಡಿಸಿಟ್ಟದ್ದು. ಸೆಪ್ಟೆಂಬರಿನ ಕೊನೆಗೆ ಮೊಮ್ಮಗಳು ಐಜಾನ್‌ಳ ಮದುವೆ. ಅವಳ ಜೊತೆ ಗಂಡನ ಮನೆಗೆ ಹೋಗಬೇಕಾದ ಹಾಸು. ಬೀಗರ ಕಡೆಯ ಹೆಂಗಸರು ಹಾಸನ್ನು ಕಣ್ಣಿಂದ ನೋಡಿ ಸುಮ್ಮನಾಗುವವರಲ್ಲ, ಅಂಗೈ ಎಳೆದು ನೋಡುವವರು. ತೇಪೆ ಹಾಸಿನ ಸೊಸೆ ಎಂದು ಒಂದು ಸಲ ಹೆಸರು ಬಿದ್ದರೆ ಆ ಹುಡುಗಿ ಅಜ್ಜಿಯಾದರೂ ಅದು ಹೋಗುವುದಿಲ್ಲ.

ತೋತುಕಾನ್ ತನ್ನ ಓರಗಿತ್ತಿ ಬುರುಲ್ಚಾಳನ್ನು ಕರೆಸಿದಳು. ಮೂವರು ಅಣ್ಣತಮ್ಮಂದಿರ ಮನೆಗೆ ಬಂದ ಮೂವರು ಸೊಸೆಯರಲ್ಲಿ ತೋತುಕಾನ್ ಹಿರಿಯಳು, ಬುರುಲ್ಚಾ ನಡುವಿನವಳು, ಸೋನುನ್ ಕಿರಿಯಳು. ಆ ಶಿರ್ದಾಕಿಗೆ ಬಣ್ಣ ಹಾಕಿದ ಕೈ ಬುರುಲ್ಚಾಳದು.

"ಮಾಡಿದೋಳು ನೀನು. ಮುಚ್ಚೋಳೂ ನೀನೇ," ಎಂದಳು ತೋತುಕಾನ್.

ಬುರುಲ್ಚಾ ಮಂಡಿಯೂರಿ ತೂತಿನ ಅಂಚನ್ನು ಉಗುರಿನಿಂದ ಕೆರೆದು, ಕಪ್ಪು ಉದುರಿಸಿ, ಕೆಳಗಿನ ಕೆಂಪನ್ನು ನೋಡಿದಳು. ಆಮೇಲೆ ಎದ್ದು ನಿಂತು, ಅಂಗಳದಲ್ಲಿದ್ದ ಏಳೂ ಹೆಂಗಸರಿಗೆ ಕೇಳುವಂತೆ, ಹಿರಿಯಳನ್ನು ಅಕ್ಕ ಎಂಬರ್ಥದಲ್ಲಿ ಎಜೆ ಎಂದು ಕರೆದು ಹೇಳಿದಳು.

"ಮುಚ್ತೀನಿ, ಎಜೆ. ಎಲ್ಲಿ ಮುಚ್ಚಿದೀನಿ ಅಂತ ನಿನ್ನ ಕೈಗೂ ಸಿಗಬಾರದು, ಹಂಗೆ ಮುಚ್ತೀನಿ."

ಹೇಳುವಾಗ ಅವಳಿಗೆ ಅಳುಕಿರಲಿಲ್ಲ. ಮನೆಗೆ ನಡೆಯುವಾಗ ಮಾತ್ರ ಲೆಕ್ಕ ಹಾಕಿದಳು: ಆ ಕೆಂಪು ತನ್ನ ಕೈಯಿಂದ ಬಂದು ಹದಿನಾರು ವರ್ಷವಾಗಿತ್ತು.

ಬುರುಲ್ಚಾ ನಾಲ್ಕು ತರಗತಿ ಓದಿದ್ದಳು. ಹೆಸರು ಬರೆಯುತ್ತಿದ್ದಳು, ಹಿಟ್ಟಿನ ಚೀಲದ ಮೇಲಿನದನ್ನು ಓದುತ್ತಿದ್ದಳು, ಅಷ್ಟೇ. ಆದರೆ ಅವಳಷ್ಟು ಕರಾರುವಾಕ್ಕಾದ ಹೆಂಗಸು ಆ ಕಣಿವೆಯಲ್ಲಿ ಇನ್ನೊಬ್ಬಳಿರಲಿಲ್ಲ. ಉಪ್ಪಿಗೆ ಬೆರಳ ಗೆಣ್ಣು, ಉಣ್ಣೆಗೆ ತೋಳು, ಪಟಿಕಕ್ಕೆ ಆಕ್ರೋಟಿನ ಚಿಪ್ಪು ಅವಳ ಅಳತೆ. ಹೊತ್ತಿಗೆ ಮಾತ್ರ ಹಾಡು. ಮನೆಯಲ್ಲಿ ಗೋಡೆ ಗಡಿಯಾರ ಇಲ್ಲದಿರಲಿಲ್ಲ. ಆದರೆ ಗೋಡೆಯನ್ನು ಯಾರೂ ಬೇಸಿಗೆಯ ಹುಲ್ಲುಗಾವಲಿಗೆ ಹೊತ್ತುಕೊಂಡು ಹೋಗುವುದಿಲ್ಲ. ಬಣ್ಣ ಕಟ್ಟುತ್ತಿದ್ದದ್ದು ಜೈಲೂ ಎಂದು ಕರೆಯುವ ಆ ಬೆಟ್ಟದ ಹುಲ್ಲುಗಾವಲಿನಲ್ಲಿ, ತೊರೆಯ ನೀರಿನಲ್ಲಿ.

ಅವಳ ಗಂಡ ರಿಸ್ಪೆಕ್ ಸಾಮೂಹಿಕ ಕೃಷಿಯ ಸಿನಿಮಾ ವ್ಯಾನಿನವನು. ಜೂನ್ ಬಂತೆಂದರೆ ಕುರಿಗಳ ಹಿಂದೆ ಜನ, ಜನರ ಹಿಂದೆ ಅವನ ವ್ಯಾನು ಮೇಲಕ್ಕೆ ಹೋಗುತ್ತಿತ್ತು. ವ್ಯಾನಿನ ಬೆನ್ನಿಗೆ ಪೆಟ್ರೋಲಿನ ಜನರೇಟರು. ಸಂಜೆ ಅದರಿಂದ ಸಿನಿಮಾ, ಹಗಲು ಟೇಪ್ ರೆಕಾರ್ಡರು. ಸೈನ್ಯದಲ್ಲಿ ಜೊತೆಗಿದ್ದ ಗೆಳೆಯನೊಬ್ಬ ರೀಗಾದಿಂದ ಒಂದು ಸುರುಳಿ ಟೇಪು ಕಳಿಸಿದ್ದ. ಡಬ್ಬಿಯ ಮೇಲೆ ಚಿತ್ರವಿಲ್ಲ, ಊರಿಲ್ಲ. ಪೆನ್ಸಿಲಿನಲ್ಲಿ ಎರಡೇ ಮಾತು: "ಇಂಗ್ಲಿಷರು. ಒಳ್ಳೆಯದು." ಅದನ್ನು ಬುರುಲ್ಚಾ ತಾನೇ ಕೂಡಿಸಿ ಓದಿದ್ದಳು.

ಮೊದಲ ಸಲ ಕೇಳಿದಾಗ ವ್ಯಾನಿನೊಳಗೆ ಹೋರಿ ಸಿಕ್ಕಿಕೊಂಡಿದೆಯೆಂದು ಅತ್ತೆ ಕೋಲು ಹಿಡಿದು ಬಂದಿದ್ದರು. ಹಾಡುವವನ ದನಿ ಹಾಗಿತ್ತು, ಹೊಟ್ಟೆಯ ಬುಡದಿಂದ ಏಳುವ ದನಿ. ಒಂದು ವಾರ ಅತ್ತೆ ಗೊಣಗಿದರು. ಎರಡನೇ ವಾರ ಹೆಂಗಸರು ಉಣ್ಣೆ ಅಂಟಿ ಹಾಳೆಯಾಗಲೆಂದು ಜೊಂಡಿನ ಚಾಪೆಯಲ್ಲಿ ಸುತ್ತಿ ಒದ್ದು ಉರುಳಿಸುವಾಗ, ಅತ್ತೆಯ ಕಾಲೇ ಎಲ್ಲರಿಗಿಂತ ಮೊದಲು ಆ ಹಾಡಿನ ಡೋಲಿಗೆ ಬಿತ್ತು. ಅಲ್ಲಿಂದ ಆ ಟೇಪು ಅವರ ಕೆಲಸದ ಹಾಡಾಯಿತು. ಏಳು ಹಾಡುಗಳಿಗೂ ಅವರೇ ಹೆಸರಿಟ್ಟರು. ಮೊದಲ ಮಗ್ಗುಲಲ್ಲಿ ನಾಗಾಲೋಟ, ಅಳುಮುಂಜಿ, ಅತ್ತೆಸೊಸೆ, ಬರಿಡೋಲು. ಎರಡನೇ ಮಗ್ಗುಲಲ್ಲಿ ಮಂಜು, ಕುಡುಕ, ಕೊನೆಗೆ ಗಂಟೆ. ಅತ್ತೆಸೊಸೆಯಲ್ಲಿ ಎರಡು ಗಿಟಾರು ಒಂದರ ಮಾತು ಇನ್ನೊಂದು ಕೇಳದೆ ವಾದ ಮಾಡುತ್ತವೆ, ಅದಕ್ಕೆ ಆ ಹೆಸರು.

ಬಣ್ಣದ ಕ್ರಮವೂ ಅದರ ಮೇಲೇ ಕೂತಿತು. ಕಲಾಯಿ ಹಾಕಿದ ಹಂಡೆಯಲ್ಲಿ ಮಂಜಿಷ್ಠದ ಬೇರು. ನಾಗಾಲೋಟ ಶುರುವಾದಾಗ ಉಣ್ಣೆ ಇಳಿಸುವುದು. ಬರಿಡೋಲಿನಲ್ಲಿ ಬೆರಣಿ ಒಟ್ಟಿ ಉರಿ ಏರಿಸುವುದು. ಸುರುಳಿ ತಿರುಗಿಸಿ ಹಾಕುವಾಗ ಉರಿ ಎಳೆಯುವುದು. ಕೊನೆಯಲ್ಲಿ ಮೂರನೇ ಸಲ ಗಂಟೆ ಬಡಿದಾಗ ಎತ್ತುವುದು. ಒಂದು ಗುಟುಕಿನಷ್ಟು ಹೊತ್ತು ಹೆಚ್ಚಾದರೆ ಕಂದು, ಕಡಿಮೆಯಾದರೆ ಇಟ್ಟಿಗೆ. ಅವಳದು ಹೆಚ್ಚೂ ಆಗುತ್ತಿರಲಿಲ್ಲ, ಕಡಿಮೆಯೂ ಆಗುತ್ತಿರಲಿಲ್ಲ. ನರೀನ್ ಪಟ್ಟಣದವರೆಗೂ ಜನ ಅದನ್ನು ಬುರುಲ್ಚಾಳ ಕೆಂಪು ಎನ್ನುತ್ತಿದ್ದರು.

ಆಮೇಲೆ ಗಣರಾಜ್ಯಗಳ ಒಕ್ಕೂಟವೇ ಒಡೆಯಿತು, ಅದರ ಜೊತೆ ಸಾಮೂಹಿಕ ಕೃಷಿಯೂ ಹೋಯಿತು. ವ್ಯಾನು ಯಾರದೋ ಪಾಲಾಯಿತು. ಕಷ್ಟದ ವರ್ಷಗಳಲ್ಲಿ ಗುಬ್ಬಿಗಳು ಕರಂಟ್ ಎಂಬ ಪುಟ್ಟ ಹುಳಿಹಣ್ಣು ತಿನ್ನದಂತೆ ಊರಿನವರೆಲ್ಲ ಗಿಡಗಳಿಗೆ ಟೇಪಿನ ಪಟ್ಟಿ ಸುತ್ತಿದರು. ಬುರುಲ್ಚಾಳೂ ಆ ಸುರುಳಿ ಬಿಚ್ಚಿ ಸುತ್ತಿದಳು. ಗಾಳಿಗೆ ಅದು ಫಳಫಳ ಹೊಳೆಯಿತು, ಹಣ್ಣು ಉಳಿಯಿತು, ಹಾಡು ಹೋಯಿತು. ಅಂದಿಗೆ ಅದು ಸರಿಯಾದ ಲೆಕ್ಕವೇ. ರಿಸ್ಪೆಕ್ ತೀರಿಕೊಂಡಾಗ ಮನೆಯಲ್ಲಿ ಉಳಿದಿದ್ದ ಆ ಕೆಂಪಿನದೇ ಜೋಡಿ ಶಿರ್ದಾಕ್ ರೂಢಿಯಂತೆ ಅವನ ಮೈ ತೊಳೆದವರಿಗೆ ಹೋಯಿತು. ಆಮೇಲೆ ನಾಲ್ಕು ಬೇಸಿಗೆ ಅವಳು ಅಂದಾಜಿನಲ್ಲಿ ಕೆಂಪು ಕಟ್ಟಿ ನೋಡಿದಳು. ಒಂದು ಸಲ ಗಜ್ಜರಿ ಬಣ್ಣ, ಒಂದು ಸಲ ಈಲಿಯ ಕಂದು, ಎರಡು ಸಲ ಇಟ್ಟಿಗೆ ಬಂತು. ಹಾಡುಗಳ ಸರದಿಯೂ ತಲೆಯಲ್ಲಿ ಕಲಸಿಹೋಗಿತ್ತು. ಆಮೇಲೆ ಪೇಟೆಯ ಪುಡಿಬಣ್ಣ ತಂದಳು.

ಹಾಗಾಗಿ ಈಗ ಅವಳಿಗೆ ಬೇಕಾದದ್ದು ಏನೆಂಬುದು ಸ್ಪಷ್ಟವಿತ್ತು: ಬೇರು, ಮತ್ತೆ ಆ ಏಳು ಹಾಡು. ಜಲಾಲಾಬಾದಿನ ತಮ್ಮನಿಂದ ಬೇರು ತರಿಸಿದಳು. ಎರಡು ಹಂಡೆಗಾಗುವಷ್ಟು ಬಂತು. ಮಗ ಕನಾತ್ ನರೀನಿಗೆ ಟ್ಯಾಕ್ಸಿ ಹೊಡೆಯುವವನು. ಅವನ ಕಾರಿನ ಮುಂದಿನ ಸೀಟಿನಲ್ಲಿ ಕೂತು, ಹಾಡು ಮಾರುವ ಅಂಗಡಿಗೆ ನಡಿ ಎಂದಳು.

ನರೀನ್ ಬಜಾರಿನಲ್ಲಿ ಸಿ.ಡಿ. ಮಾರುತ್ತಿದ್ದ ಕುಬಾನ್ ಐವತ್ತು ದಾಟಿದವನು, ನೆತ್ತಿ ಬೋಳು, ಹಿಂದೆ ಜಡೆ. ಮದುವೆಗಳಲ್ಲಿ ಗಿಟಾರು ನುಡಿಸಿ ಬದುಕಿದವನು. ಬಿಳಿ ರುಮಾಲಿನ ಮುದುಕಿ ಬಂದಾಗ ಜಾನಪದದ ತಟ್ಟೆಗಳತ್ತ ಕೈ ಚಾಚಿದ. ಅವಳು ತಲೆಯಾಡಿಸಿ, ಇಂಗ್ಲಿಷರದು ಬೇಕು, ಏಳು ಹಾಡಿನದು, ಕೊನೆಯದರಲ್ಲಿ ಗಂಟೆ ಇದೆ ಎಂದಳು. ಹೆಸರು ಕೇಳಿದ. ಹೆಸರಿಲ್ಲ ಎಂದಳು. ಹಾಡಿ ಎಂದ. ಅವಳು ನಾಗಾಲೋಟದ ಮೊದಲ ಸಾಲನ್ನು, ಅರ್ಥವಿಲ್ಲದ ತನ್ನದೇ ಶಬ್ದಗಳಲ್ಲಿ, ಗಂಟಲ ತಳದಿಂದ ಹಾಡಿದಳು. ಪಕ್ಕದ ಟೊಮೇಟೊ ಮಾರುವವಳು ತಕ್ಕಡಿ ಕೆಳಗಿಟ್ಟಳು. ಕುಬಾನ್‌ಗೆ ಗೊತ್ತಾಗಲಿಲ್ಲ. ಆಗ ಬುರುಲ್ಚಾ ಅವನ ಹಲಗೆಯ ಮೇಲೆ ಎರಡೂ ಅಂಗೈಯಿಂದ ಬರಿಡೋಲು ಬಡಿದಳು, ಒಂದೂ ತಪ್ಪದೆ. ಕುಬಾನ್‌ನ ಮುಖ ಬದಲಾಯಿತು.

"ಅಪಾ, ತಾಯಿ, ಇದನ್ನ ಕೇಳೋರಲ್ಲಿ ಈ ಕಡೆ ನಾನೊಬ್ನೇ ಉಳ್ದಿದೀನಿ ಅಂದ್ಕೊಂಡಿದ್ದೆ," ಎಂದ. ಆಮೇಲೆ ನಕ್ಕ. "ಆದ್ರೆ ನೀವು ತುಂಬ ನಿಧಾನ ಬಡೀತೀರಿ."

"ನಾನು ಸರಿಯಾಗೇ ಬಡ್ದಿದ್ದು. ಓಡ್ತಿರೋದು ನಿನ್ನ ಕಿವಿ."

ಅವನು ಹಲಗೆಯ ಕೆಳಗಿನ ತನ್ನ ಸ್ವಂತ ಪೆಟ್ಟಿಗೆಯಿಂದ ಒಂದನ್ನು ತೆಗೆದುಕೊಟ್ಟ. ಮುಚ್ಚಳದ ಮೇಲೆ ಸಮುದ್ರದ ನಡುವೆ ಒಂಟಿಯಾಗಿ ಉರಿಯುವ ಬೀದಿದೀಪದ ಚಿತ್ರ. ಇಷ್ಟು ವರ್ಷ ಈ ಹಾಡುಗಳಿಗೆ ಇಂಥ ಮುಖವಿತ್ತೇ ಎಂದು ಅವಳು ಅದನ್ನು ಬಹಳ ಹೊತ್ತು ನೋಡಿದಳು. ಐದು ಹಾಲುಬಣ್ಣದ ಹುಡುಗರ ಫೋಟೋ ಹಿಂದೆ ಇತ್ತು. ಇವರಲ್ಲಿ ಹೋರಿ ಯಾರು ಎಂದು ಕೇಳಿದಳು. ಕುಬಾನ್ ಎಲ್ಲರಿಗಿಂತ ತೆಳ್ಳಗಿನವನನ್ನು ತೋರಿಸಿದ. ಅವಳು ನಂಬಲಿಲ್ಲ.

ಆಗಸ್ಟಿನ ಕೊನೆಗೆ ಮೂವರು ಓರಗಿತ್ತಿಯರೂ ಕನಾತ್‌ನ ಕಾರಿನಲ್ಲಿ ಜೈಲೂವಿಗೆ ಏರಿದರು. ಹಂಡೆ, ಬೇರು, ಒಂದು ಮೂಟೆ ಉಣ್ಣೆ, ಸುಟ್ಟ ಶಿರ್ದಾಕ್ ಎಲ್ಲ ಜೊತೆಗಿತ್ತು. ಕೆಲಸವನ್ನು ಕಣ್ಣೆದುರೇ ನೋಡಬೇಕೆಂದು ತೋತುಕಾನ್ ಬಂದಿದ್ದಳು. ಸೋನುನ್‌ಳ ಕಿವಿ ಒಕ್ಕೂಟ ಒಡೆದ ಚಳಿಗಾಲದ ಜ್ವರದಲ್ಲೇ ಪೂರ್ತಿ ಹೋಗಿತ್ತು. ಆದರೆ ಉಣ್ಣೆ ಒದೆಯುವುದಕ್ಕೆ ಅವಳಂಥ ಕಾಲು ಬೇರೆ ಇರಲಿಲ್ಲ. ಕೈಸನ್ನೆ ಮಾಡಿದರೆ ಸಾಕು, ಬರುತ್ತಿದ್ದಳು.

ಹಂಡೆ ಕೂರಿಸಿ, ಪಟಿಕದಲ್ಲಿ ನೆನೆಸಿದ ಉಣ್ಣೆಹಾಳೆಯ ತುಂಡು ಸಿದ್ಧಮಾಡಿ, ಪಕ್ಕದಲ್ಲಿ ಉಣ್ಣೆ ಸುತ್ತಿದ ಜೊಂಡಿನ ಚಾಪೆಗೆ ಹಗ್ಗ ಬಿಗಿದರು. ಕನಾತ್ ಕಾರಿನ ನಾಲ್ಕೂ ಬಾಗಿಲು ತೆಗೆದು ತಟ್ಟೆ ಹಾಕಿದ. ನಾಗಾಲೋಟ ಶುರುವಾಯಿತು.

ಬುರುಲ್ಚಾಳ ಎದೆ ಒಮ್ಮೆ ಹಿಗ್ಗಿತು, ಮರುಕ್ಷಣ ಹುಬ್ಬು ಗಂಟಿಕ್ಕಿತು. ಹಾಡು ಅದೇ, ದನಿ ಅವನದಲ್ಲ. ಹೋರಿಯ ಜಾಗದಲ್ಲಿ ಈಗತಾನೇ ಮೀಸೆ ಬಂದ ಹುಡುಗನಿದ್ದ.

"ನಾನು ಮುದುಕಿಯಾದೆ, ಇವನು ಮಾತ್ರ ಚಿಕ್ಕೋನಾಗಿದಾನೆ," ಎಂದಳು. "ಕನಾತ್, ಎಂಜಿನ್ ಸ್ವಲ್ಪ ಇಳ್ಸು. ನಿಮ್ಮಪ್ಪ ಹಂಗೇ ಮಾಡ್ತಿದ್ರು, ದನಿ ಸರಿಯಾಗ್ತಿತ್ತು."

ಎಂಜಿನ್ನಿಗೂ ದನಿಗೂ ಸಂಬಂಧವೇ ಇಲ್ಲ, ಇದು ಬ್ಯಾಟರಿಯಲ್ಲಿ ಓಡುವುದು ಎಂದ ಕನಾತ್. ಆದರೂ ತಾಯಿಯ ಮಾತಿಗೆ ಎಂಜಿನ್ನನ್ನೇ ಆರಿಸಿದ. ಹುಡುಗ ಹಾಗೇ ಹಾಡುತ್ತಲೇ ಇದ್ದ.

ಉಣ್ಣೆ ಹಂಡೆಗೆ ಇಳಿದಾಗಿತ್ತು, ಇನ್ನು ನಿಲ್ಲಿಸುವಂತಿರಲಿಲ್ಲ. ಅವಳು ಕ್ರಮ ತಪ್ಪಿಸಲಿಲ್ಲ. ಪಕ್ಕದಲ್ಲಿ ತೋತುಕಾನ್, ಸೋನುನ್ ಹೆಗಲು ಸೇರಿಸಿ ಆ ಚಾಪೆಯ ಸುತ್ತನ್ನು ಒದೆಯುತ್ತಿದ್ದರು. ಒಂದೊಂದು ಹಾಡು ಮುಗಿದಾಗಲೂ ನಿಂತು ಸುತ್ತನ್ನು ಮಗ್ಗುಲು ಬದಲಿಸುವುದು ಮೊದಲಿನಿಂದ ಬಂದ ರೂಢಿ. ನಾಗಾಲೋಟ ಮುಗಿಯಿತು, ತೋತುಕಾನ್ ನಿಂತಳು. ಸೋನುನ್ ಇನ್ನೂ ಒದೆಯುತ್ತಿದ್ದಳು. ಹೆಗಲು ತಟ್ಟಿ ನಿಲ್ಲಿಸಬೇಕಾಯಿತು. ಅಳುಮುಂಜಿಗೂ ಹಾಗೇ, ಉಳಿದವಕ್ಕೂ ಹಾಗೇ.

"ಕಿವಿ ಜೊತೆ ಕಾಲೂ ಹೋಯ್ತು ಇವಳದು," ಎಂದಳು ತೋತುಕಾನ್.

ಮೂರನೇ ಗಂಟೆಗೆ ಬುರುಲ್ಚಾ ಉಣ್ಣೆ ಎತ್ತಿ, ತೊರೆಯಲ್ಲಿ ಜಾಲಾಡಿ, ಹಿಂಡಿ, ಶಿರ್ದಾಕಿನ ಪಕ್ಕ ಇಟ್ಟಳು. ತೋತುಕಾನ್ ಎರಡೂ ಕೆಂಪನ್ನು ಹೋಲಿಸಿ ನೋಡಿದಳು.

"ಇದು ಇಟ್ಟಿಗೆ, ಬುರುಲ್. ಮೊಮ್ಮಗಳಿಗೆ ಹಾಸು ಕೇಳಿದ್ದೆ, ಮನೆ ಕಟ್ಸು ಅಂದಿರ್ಲಿಲ್ಲ."

ತಮಾಷೆಯಾಗಿ ಶುರುಮಾಡಿದವಳು ಅಷ್ಟಕ್ಕೇ ಬಾಯಿ ಮುಚ್ಚಿ ಮುಖ ತಿರುಗಿಸಿದಳು. ಗಂಡಿನ ತಾಯಿ ಎಂಥವಳೆಂದು ಅವಳಿಗೆ ಗೊತ್ತಿತ್ತು. ಬುರುಲ್ಚಾ ಬೇರಿನ ಚೀಲ ಬಿಚ್ಚಿ ನೋಡಿದಳು. ಉಳಿದಿದ್ದು ಒಂದೇ ಹಂಡೆಯ ಬೇರು. ಅದನ್ನು ಮುಟ್ಟುವ ಮೊದಲು ತಪ್ಪು ಎಲ್ಲಿದೆಯೆಂದು ತಿಳಿಯಬೇಕಿತ್ತು. ಇಟ್ಟಿಗೆ ಬಣ್ಣವೆಂದರೆ ಹೊತ್ತು ಸಾಲದು. ಹಾಡು ಏಳೂ ಇದ್ದವು, ಸರದಿ ಸರಿಯಿತ್ತು. ಹೊತ್ತು ಎಲ್ಲಿ ಸೋರಿತು?

ಅವಳು ತೊರೆಯ ಕಲ್ಲಿನ ಮೇಲೆ ಕೂತು ಯೋಚಿಸಿದಳು. ಕಣ್ಣು ಸುಮ್ಮನೆ ಸೋನುನ್‌ಳ ಕಾಲ ಮೇಲಿತ್ತು. ಮೂವತ್ತು ವರ್ಷದಲ್ಲಿ ಸೋನುನ್ ಒಂದು ಒದೆತ ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ಬಸುರಿಯಾಗಿದ್ದಾಗಲೂ ತಪ್ಪಿರಲಿಲ್ಲ.

ಬುರುಲ್ಚಾ ಎದ್ದು ಹೋಗಿ, ತಟ್ಟೆಯನ್ನು ಮತ್ತೆ ಮೊದಲಿಂದ ಹಾಕೆಂದು ಕನಾತ್‌ಗೆ ಹೇಳಿದಳು. ಸೋನುನ್‌ಗೆ ಕೈ ಬೀಸಿದಳು: ನೀನೊಬ್ಬಳೇ, ಒದಿ. ಒಂದೊಂದು ಹಾಡಿನ ಕೊನೆಗೂ ತಟ್ಟೆ ನಿಲ್ಲಿಸಿ, ಮುಂದಿನದರ ಶುರುವಿಗೆ ಅವಳ ಹೆಗಲು ತಟ್ಟಿದಳು. ಅಳುಮುಂಜಿ ಚಿಕ್ಕ ಹಾಡು. ಮುಗಿದ ಮೇಲೂ ಸೋನುನ್ ಇಪ್ಪತ್ತು ಒದೆತ ಒದ್ದು ತಾನೇ ನಿಂತಳು. ಬರಿಡೋಲು ಉದ್ದದ್ದು; ನಲವತ್ತು ಒದೆತ ಹೆಚ್ಚು. ಹಾಡು ಉದ್ದವಾದಷ್ಟೂ ಅವಳು ಹಿಂದೆ ಬೀಳುತ್ತಿದ್ದಳು, ಅಳೆದು ಸುರಿದ ಹಾಗೆ. ದಣಿದ ಕಾಲು ಹೀಗೆ ಲೆಕ್ಕ ಇಟ್ಟು ಹಿಂದೆ ಬೀಳುವುದಿಲ್ಲ. ಇವಳು ಹಿಂದೆ ಬೀಳುತ್ತಿರಲಿಲ್ಲ, ತಟ್ಟೆ ಮುಂದೆ ಓಡುತ್ತಿತ್ತು.

ಬುರುಲ್ಚಾ ಸೋನುನ್‌ಳ ಎದುರು ಕೂತು, ತುಟಿ ಬಿಡಿಸಿ ಕೇಳಿದಳು.

"ನೀನು ಯಾವ ಹಾಡಿಗೆ ಒದೀತೀಯ?"

ಸೋನುನ್‌ಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ರಿಸ್ಪೆಕ್ ಅಣ್ಣನ ಟೇಪಿಗೆ," ಎಂದಳು, ತನಗೇ ಕೇಳದ ಜೋರು ದನಿಯಲ್ಲಿ. "ಇನ್ಯಾವುದಿದೆ? ಕಿವಿ ಹೋದ್ಮೇಲೆ ಒಳಗೆ ಬೇರೆ ಹಾಡೇ ಬಂದಿಲ್ಲ."

ಹದಿನಾರು ವರ್ಷ ಅವಳು ಆ ಏಳು ಹಾಡಿಗೇ ಉಣ್ಣೆ ಒದ್ದಿದ್ದಳು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಆಗ ಬುರುಲ್ಚಾಳಿಗೆ ಉಳಿದದ್ದೆಲ್ಲ ತಾನಾಗಿಯೇ ಹೊಳೆಯಿತು. ರಿಸ್ಪೆಕ್‌ಗೆ ತಿಂಗಳಿಗೆ ಇಷ್ಟೇ ಎಂದು ಪೆಟ್ರೋಲು. ಬೇಸಿಗೆ ಮುಗಿಯುವವರೆಗೆ ಅದು ಬರಲೆಂದು ಅವನು ಜನರೇಟರಿನ ತಿರುಪನ್ನು ಸದಾ ಒಂದು ಸುತ್ತು ಇಳಿಸಿಡುತ್ತಿದ್ದ. ಪಾಪ, ನಿಧಾನ ಉಸಿರಾಡಲಿ ಎನ್ನುತ್ತಿದ್ದ. ಮೋಟಾರು ನಿಧಾನ, ಅದರಿಂದ ಟೇಪು ನಿಧಾನ, ಹಾಡು ಉದ್ದ, ದನಿ ದಪ್ಪ. ಸಿನಿಮಾವೂ ನಿಧಾನ. ಜೈಲೂವಿನ ಪರದೆಯ ಮೇಲೆ ನಾಯಕರೆಲ್ಲ ದಪ್ಪ ದನಿಯಲ್ಲಿ, ತೂಗಿ ತೂಗಿ ಮಾತಾಡುತ್ತಿದ್ದರು. ಗಂಡಸೆಂದರೆ ಹೀಗಿರಬೇಕೆಂದು ಹೆಂಗಸರು ಮೆಚ್ಚುತ್ತಿದ್ದರು. ಒಮ್ಮೆ ಫ್ರುಂಜೆ ನಗರಕ್ಕೆ ಹೋಗಿ ಅದೇ ಸಿನಿಮಾ ನೋಡಿಬಂದ ತೋತುಕಾನ್, ಅಲ್ಲಿ ನಾಯಕ ಹುಂಜದ ಹಾಗೆ ಕೂಗುತ್ತಾನೆ, ನಗರದವರ ಯಂತ್ರ ಕೆಟ್ಟಿದೆ ಎಂದು ಹೇಳಿದ್ದಳು. ಇಡೀ ಜೈಲೂ ನಗರದವರ ಮೇಲೆ ಕನಿಕರಪಟ್ಟಿತ್ತು.

ಬುರುಲ್ಚಾ ಒಬ್ಬಳೇ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಏನೆಂದು ತೋತುಕಾನ್ ಕೇಳಿದಾಗ, ನಗರದವರ ಯಂತ್ರ ಕೆಟ್ಟಿರಲಿಲ್ಲ ಎಜೆ ಎಂದಷ್ಟೇ ಹೇಳಿದಳು.

ಆ ದಿನ ಉಳಿದ ಹೊತ್ತೆಲ್ಲ ಅವಳು ಕಾರಿನಲ್ಲಿ ಕೂತು ತಟ್ಟೆಯನ್ನು ಮೂರು ಸಲ ಕೇಳಿ, ಮರೆತಿದ್ದ ಸರದಿ, ತಿರುವು, ಎಷ್ಟು ಸಲ ಏನು ಬರುತ್ತದೆ ಎಂಬುದನ್ನೆಲ್ಲ ಕೂಡಿಟ್ಟುಕೊಂಡಳು. ಮೂರನೇ ಸಲಕ್ಕೆ ಆ ಎಳೆಯ ದನಿಯ ಹುಡುಗನೂ ಒಳ್ಳೆಯವನೇ ಅನ್ನಿಸಿದ. ಅವನು ಹಾಡಿದ್ದೂ ಸುಳ್ಳಲ್ಲ, ಕೆಂಪಿಗೆ ಒದಗುವುದಿಲ್ಲ ಅಷ್ಟೇ.

ಮರುದಿನ ಬೆಳಿಗ್ಗೆ ಕೊನೆಯ ಬೇರು ಹಂಡೆಗೆ ಬಿತ್ತು. ಕಾರಿನ ಬಾಗಿಲು ಮುಚ್ಚಿಸಿದಳು. ಸೋನುನ್‌ಳನ್ನು ಸುತ್ತಿನ ನಡುವೆ ನಿಲ್ಲಿಸಿ, ಅವಳ ಬೆನ್ನ ಮೇಲೆ ಕೈಯಿಟ್ಟು, ನಾಗಾಲೋಟ ಎಂದು ತುಟಿಯಲ್ಲಿ ಹೇಳಿದಳು. ಸೋನುನ್ ಒದ್ದಳು. ಆ ಹೆಜ್ಜೆಗೆ ಬುರುಲ್ಚಾ ದನಿ ಕೂಡಿಸಿದಳು, ಹಂಡೆಯಲ್ಲಿ ಕೋಲಾಡಿಸುತ್ತ. ತಟ್ಟೆಗಿಂತ ಎಷ್ಟೋ ನಿಧಾನ, ಎಷ್ಟೋ ದಪ್ಪ. ಹೋರಿ ಮರಳಿ ಬಂದಿತ್ತು.

ತೋತುಕಾನ್ ಮೊದಲು ಬಾಯಿ ಬಿಗಿದು ಒದೆಯುತ್ತಿದ್ದಳು. ಅಳುಮುಂಜಿ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. ಆ ಹಾಡು ಪೂರ್ತಿ ಅವಳಿಗೇ ಬರುತ್ತಿತ್ತು. ಅತ್ತೆಸೊಸೆಯಲ್ಲಿ ಅವಳು ಅತ್ತೆಯ ಗಿಟಾರು, ಬುರುಲ್ಚಾ ಸೊಸೆಯ ಗಿಟಾರು, ಇಬ್ಬರೂ ಬಿಡಲಿಲ್ಲ. ಬರಿಡೋಲಿಗೆ ಯಾರೂ ಹಾಡಬೇಕಿರಲಿಲ್ಲ, ಸೋನುನ್‌ಳ ಕಾಲೇ ಸಾಕಾಯಿತು. ಬುರುಲ್ಚಾ ಬೆರಣಿ ಒಟ್ಟಿದಳು. ಸುರುಳಿ ತಿರುಗಿಸಿ ಹಾಕುವಷ್ಟು ಹೊತ್ತು ಎಲ್ಲರೂ ನಿಂತರು. ರಿಸ್ಪೆಕ್‌ಗೆ ಅದಕ್ಕೆ ಹದಿನಾರು ಉಸಿರು ಹಿಡಿಯುತ್ತಿತ್ತು, ಬುರುಲ್ಚಾ ಹದಿನಾರು ಎಣಿಸಿ ಉರಿ ಎಳೆದಳು. ಮಂಜು ಮುಗಿಯಿತು, ಕುಡುಕ ಮುಗಿದ. ಗಂಟೆಗೆ ಗಂಟೆಯಿರಲಿಲ್ಲ, ತೋತುಕಾನ್ ಸೌಟು ಹಿಡಿದು ಬಕೀಟಿನ ಮೇಲೆ ಬಡಿದಳು. ಒಂದು. ಎರಡು. ಬೆಟ್ಟದ ಕಡೆ ಮೇಯುತ್ತಿದ್ದ ಕುದುರೆಗಳು ತಲೆಯೆತ್ತಿದವು. ಮೂರು.

ಬುರುಲ್ಚಾ ಎತ್ತಿದಳು.

ತೊರೆಯ ನೀರಿನಲ್ಲಿ ಜಾಲಾಡುವಾಗಲೇ ಅವಳಿಗೆ ಗೊತ್ತಾಯಿತು. ಆದರೂ ಬಾಯಿಬಿಡದೆ ಎರಡು ದಿನ ನೆರಳಲ್ಲಿ ಒಣಗಿಸಿ, ಆಮೇಲೆ ಶಿರ್ದಾಕಿನ ಪಕ್ಕ ಇಟ್ಟಳು. ತೋತುಕಾನ್ ಬಗ್ಗಿ ನೋಡಿದಳು, ಕನ್ನಡಕ ತೆಗೆದು ನೋಡಿದಳು, ಹಾಕಿಕೊಂಡು ನೋಡಿದಳು. ಸುಟ್ಟ ಜಾಗವನ್ನು ಕೊಂಬಿನ ಸುರುಳಿಯ ಗೆರೆಗೆ ಸರಿಯಾಗಿ ಕತ್ತರಿಸಿ, ತೇಪೆ ಕೂರಿಸಿ, ಸೇರುವಲ್ಲಿ ಹಳೆಯ ದಾರದ್ದೇ ಹುರಿ ಹೊಲಿಯಲು ಬುರುಲ್ಚಾಳಿಗೆ ಒಂದು ವಾರ ಹಿಡಿಯಿತು.

ಮದುವೆಯ ದಿನ ಬೀಗರ ಮನೆಯಲ್ಲಿ ಶಿರ್ದಾಕ್ ಬಿಚ್ಚಿದರು. ಗಂಡಿನ ತಾಯಿ ಮಂಡಿಯೂರಿ, ನಿರೀಕ್ಷಿಸಿದಂತೆಯೇ, ಅಂಗೈಯನ್ನು ಈ ಅಂಚಿನಿಂದ ಆ ಅಂಚಿಗೆ ಎಳೆದಳು. ಒಂದು ಕಡೆ ಕೈ ನಿಂತಿತು. ತೋತುಕಾನ್ ಬುರುಲ್ಚಾಳ ತೋಳನ್ನು ಉಗುರು ಇಳಿಯುವಷ್ಟು ಹಿಡಿದಳು. ಬುರುಲ್ಚಾ ಕದಲಲಿಲ್ಲ, ಆ ಕೈ ನಿಂತಿದ್ದ ಕಡೆ ತೇಪೆ ಇರಲಿಲ್ಲ.

"ಈಗೆಲ್ಲ ಇಂಥ ಕೆಂಪು ಸಿಗಲ್ಲ," ಎಂದಳು ಗಂಡಿನ ತಾಯಿ. "ಯಾರು ಕಟ್ಟಿದ್ದು?"

"ನಾನೇ," ಎಂದಳು ಬುರುಲ್ಚಾ. "ನನ್ನ ಗಂಡ ಪೆಟ್ರೋಲ್ ಉಳಿಸ್ತಿದ್ರು, ಅದ್ರಲ್ಲಿ ಬಂದಿದ್ದು."

ಗಂಡಿನ ತಾಯಿಗೆ ಇದು ಅರ್ಥವಾಗಲಿಲ್ಲ. ದೊಡ್ಡ ಕೈಯ ಬಣ್ಣಗಾರರು ಗುಟ್ಟು ಬಿಡುವುದಿಲ್ಲವೆಂದುಕೊಂಡು ಗೌರವದಿಂದ ತಲೆಯಾಡಿಸಿ, ಐಜಾನ್‌ಳನ್ನು ಆ ಕೆಂಪಿನ ನಡುವೆಯೇ ಕೂರಿಸಿದಳು. ವಾಪಸು ಬರುವಾಗ ಕನಾತ್ ಕಾರಿನಲ್ಲಿ ತಟ್ಟೆ ಹಾಕಿದ. ಹಿಂದಿನ ಸೀಟಿನಲ್ಲಿ ಸೋನುನ್ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಳು. ತೋತುಕಾನ್ ಮುಂದಕ್ಕೆ ಬಾಗಿ ಬುರುಲ್ಚಾಳ ಕಿವಿಯಲ್ಲಿ ಕೇಳಿದಳು.

"ಬಲಗಡೆಯಿಂದ ಮೂರನೇ ಕೊಂಬು ತಾನೇ?"

ಬುರುಲ್ಚಾ ಹಾಡು ಕೇಳುತ್ತಿದ್ದಳು.

"ನಾಲ್ಕನೇದಾ? ಹೇಳೇ. ಸುಟ್ಟಿದ್ದು ನನ್ನ ಕಣ್ಣೆದುರೇ ಅಲ್ವಾ."

"ನಿನ್ನ ಕೈಗೂ ಸಿಗಬಾರದು ಅಂತ ಮಾತು ಕೊಟ್ಟಿದ್ದೆ, ಎಜೆ," ಎಂದಳು ಬುರುಲ್ಚಾ. "ಸುಮ್ನಿರು. ಅಳುಮುಂಜಿ ಬಂತು, ನಿನ್ನದು."